ಬಚ್ಚಲಲ್ಲಿ ಇಬ್ಬರು, ಅಟ್ಟದ ಮೇಲೆ ಒಬ್ಬ

ನಾನು ನಿವೃತ್ತ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ. ಅದು ಇನ್ನೂ ಕಪ್ಪಾಗಿಯೇ ಇದೆ. ಆಮೇಲೆ ಯಾವ ಇಲಾಖೆ ಎಂದು ಕೇಳುತ್ತಾರೆ. ಕಂಪ್ಯೂಟರ್ ಆಟ ಆಡುವುದೇ ಕೆಲಸವಾಗಿತ್ತು, ಅದಕ್ಕೆ ತಿಂಗಳ ಸಂಬಳ ಬರುತ್ತಿತ್ತು ಎಂದ ಕೂಡಲೇ ಅವರ ಮುಖದಲ್ಲಿ ಅನುಕಂಪ ಕಾಣಿಸಿಕೊಳ್ಳುತ್ತದೆ. ಯಲ್ಲಾಪುರದ ನನ್ನ ಬ್ಯಾಟರಿ ಅಂಗಡಿಗೆ ಬರುವ ನಿವೃತ್ತ ಮಾಸ್ತರೊಬ್ಬರು ಒಮ್ಮೆ ನನ್ನ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಈಗ ಆರಾಮ ಇದ್ದಿ ಅಲ್ದ?" ಎಂದು ಕೇಳಿ ಹೋದರು. ಕಾಯಿಲೆಯಿಂದ ಎದ್ದವನನ್ನು ಕೇಳುವ ದನಿಯಲ್ಲಿ ಕೇಳಿದ್ದರು.

ನಮ್ಮ ಕಸುಬಿನಲ್ಲಿ ಇಪ್ಪತ್ತೆಂಟಕ್ಕೆಲ್ಲ ಮುಪ್ಪು. ಕಣ್ಣು ಕಂಡದ್ದು ಬೆರಳಿಗೆ ತಲುಪುವುದರೊಳಗೆ ಎದುರಿನ ಹುಡುಗ ಹೊಡೆದು ಮುಗಿಸಿರುತ್ತಾನೆ. ಶಾಲು, ಹಾರ, ಬೀಳ್ಕೊಡುಗೆಯ ಭಾಷಣ ಯಾವುದೂ ಇಲ್ಲ. ಒಂದು ದಿನ ಕುರ್ಚಿ ಬಿಟ್ಟು ಎದ್ದರೆ ಆಯಿತು, ಅದರ ಮೇಲೆ ಇನ್ನೊಬ್ಬ ಕೂತಿರುತ್ತಾನೆ.

ಈಗ ಶಿರಸಿ, ಸಿದ್ದಾಪುರ ಕಡೆಯ ಹುಡುಗ ಹುಡುಗಿಯರು ಮೊಬೈಲು ಹಿಡಿದುಕೊಂಡು ಬಂದು, ಇದನ್ನೇ ವೃತ್ತಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೆದ್ದ ಕಪ್ಪುಗಳ ಸುದ್ದಿ ಇಲ್ಲಿಲ್ಲ. ಅವುಗಳಲ್ಲಿ ನನ್ನ ಹೆಂಡತಿ ಸ್ಕ್ರೂ ಮತ್ತು ಬಟ್ಟೆಯ ಗುಂಡಿ ಹಾಕಿಟ್ಟಿದ್ದಾಳೆ, ಆ ಮಟ್ಟಿಗೆ ಅವು ಉಪಯೋಗಕ್ಕೆ ಬಂದಿವೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಚನ್ನಬಸಣ್ಣ. ಬನವಾಸಿ ಕಡೆಯವರು, ಶಿರಸಿಯಲ್ಲಿ ಕಂಪ್ಯೂಟರ್ ಮಾರುವ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಇಂಟರ್ನೆಟ್ ಸೆಂಟರು. ಒಮ್ಮೆ ಸಾಮಾನು ತರಲು ಹುಬ್ಬಳ್ಳಿಗೆ ಹೋದಾಗ, ಒಂದು ಅಂಗಡಿಯ ಹೆಸರಿನ ಅಂಗಿ ತೊಟ್ಟ ಐವರು ಕಂಪ್ಯೂಟರ್ ಮುಂದೆ ಕೂತು ಆಡುವುದನ್ನೂ, ಅವರ ಬೆನ್ನ ಹಿಂದೆ ಜನ ಮುಗಿಬಿದ್ದು ನೋಡುವುದನ್ನೂ ಕಂಡರಂತೆ. ಇಷ್ಟು ಜನ ತಮ್ಮ ಅಂಗಡಿಯ ಬೋರ್ಡನ್ನು ಎಂದಾದರೂ ನೋಡಿದ್ದುಂಟೇ ಎಂದು ಯೋಚಿಸುತ್ತ ಮರಳಿ ಬಂದರು. ಮರುವಾರವೇ ಆಟಗಾರರ ಹುಡುಕಾಟ ಶುರುವಾಯಿತು.

ನನ್ನ ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬೆನ್ನುನೋವು ಗಿನ್ನುನೋವು ಏನಾರ ಐತೇನ್ರಿ?" ಇಲ್ಲ ಎಂದೆ. "ಹಂಗಾರ ಕುಂದರ್ರಿ" ಎಂದರು. ಹೆಗಡೆಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬರುವ ಶ್ರೀಪಾದ ಎಂಬ ನಾನು ಹೀಗೆ ನೌಕರಿದಾರನಾದೆ. ಅಲ್ಲಿಯವರೆಗೆ ನಾನು ಯಾವುದರಲ್ಲೂ ಜಾಣ ಎನಿಸಿಕೊಂಡವನಲ್ಲ. ಒಬ್ಬರು ನನ್ನ ಕೈಯನ್ನು ನಂಬಿ ಕುರ್ಚಿ ಕೊಟ್ಟರು ಎನ್ನುವ ಸಂತೋಷಕ್ಕೆ ಅಂದು ಊಟ ಸೇರಲಿಲ್ಲ.

ಚನ್ನಬಸಣ್ಣ ನಮ್ಮನ್ನು ಅಂಗಡಿಯ ಆಳುಗಳ ಹಾಗೆಯೇ ನಡೆಸಿಕೊಂಡರು. ಬೆಳಿಗ್ಗೆ ಅಂಗಡಿ ತೆರೆಯುವಾಗ ಹಾಜರಿ, ಮಧ್ಯಾಹ್ನ ಊಟಕ್ಕೆ ಬಿಡುವು. ಕರೆಂಟು ಹೋದರೆ ಎದ್ದು ಹೋಗುವ ಹಾಗಿಲ್ಲ. ಕಪ್ಪು ಪರದೆಯ ಮುಂದೆ ಮೌಸು ಹಿಡಿದು ಐವರೂ ಕೂತೇ ಇರಬೇಕು. ಮೆಟ್ಟಿಲು ಹತ್ತಿ ಬಂದ ಗಿರಾಕಿಯೊಬ್ಬರು ನಮ್ಮನ್ನು ನೋಡಿ, ಇದು ಧ್ಯಾನದ ಕ್ಲಾಸೇ ಎಂದು ಕೆಳಗೆ ಹೋಗಿ ವಿಚಾರಿಸಿದ್ದರು.

ಆಟದ ಬಗ್ಗೆ ಅವರಿಗೆ ತಿಳಿದಿದ್ದು ಇಷ್ಟು: ಐವರು ಈ ಕಡೆ, ಐವರು ಆ ಕಡೆ. ಒಂದು ಪಕ್ಷ ಗೊತ್ತಾದ ಎರಡು ಜಾಗಗಳಲ್ಲಿ ಒಂದರಲ್ಲಿ ಬಾಂಬು ಇಡಬೇಕು, ಇನ್ನೊಂದು ಪಕ್ಷ ತಡೆಯಬೇಕು. ಗುಂಡು ತಾಗಿದವರು ಆ ಸುತ್ತು ಮುಗಿಯುವ ತನಕ ಸತ್ತ ಹಾಗೆ. ಈ ಸಾಯುವುದೊಂದು ಅವರಿಗೆ ಸರಿಬರಲಿಲ್ಲ. ಸಂಜೆ ಅಂಗಡಿ ಮುಚ್ಚುವ ಮುಂಚೆ ಮೇಲೆ ಬಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು.

"ಶ್ರೀಪಾದ, ಇವತ್ತ ಎಷ್ಟ ಸಲ ಸತ್ರಿ?"

"ಸ್ವಲ್ಪ ಜಾಸ್ತಿ ಆಯ್ತು, ಚನ್ನಬಸಣ್ಣ."

"ಯಾಕ ಸಾಯ್ತೀರ್ರಿ? ಸಂಬಳ ತಗೊಂಡು ಸಾಯೂದು ಛಲೋ ಅಲ್ಲ ನೋಡ್ರಿ."

ಅವರಿಗೆ ಬೇಸರವಾಗಬಾರದು ಎಂದು ನಾವು ಸಾಯುವುದನ್ನು ಕಡಿಮೆ ಮಾಡಿದೆವು. ಅದಕ್ಕಿರುವ ಉಪಾಯ ಒಂದೇ, ಮೂಲೆಯಲ್ಲಿ ಅಡಗಿ ಕೂರುವುದು. ಐವರೂ ಐದು ಮೂಲೆ ಹಿಡಿದೆವು. ಕೆಲವು ವಾರ ನಮ್ಮಲ್ಲಿ ಯಾರೂ ಸಾಯಲಿಲ್ಲ, ಚನ್ನಬಸಣ್ಣ ಬಲು ಖುಷಿಯಾಗಿದ್ದರು. ಆಮೇಲೆ ಕುಮಟಾದ ಒಂದು ತಂಡದೆದುರು ನಾವು ಎಲ್ಲ ಸುತ್ತುಗಳನ್ನೂ ಸೋತೆವು. ಅವರು ಬಾಂಬು ಇಟ್ಟು, ಅದು ಸಿಡಿದು, ಕುರ್ಚಿ ಹಿಂದಕ್ಕೆ ತಳ್ಳಿ ಚಹಾಕ್ಕೆ ಹೇಳಿದರೂ ನಾವು ಮೂಲೆಯಲ್ಲಿ ಕ್ಷೇಮವಾಗಿದ್ದೆವು. ಅಂದಿನಿಂದ ಸಾಯಲು ಅಪ್ಪಣೆ ಸಿಕ್ಕಿತು.

ತಂಡದ ನಾಯಕ ಕಾನಸೂರಿನ ಭಾಸ್ಕರ. ದೂರದಿಂದ ನನಗೆ ಭಾವನಾಗಬೇಕು, ನಾನು ಹಾಗೆಯೇ ಕರೆಯುತ್ತಿದ್ದೆ. ಕೆನ್ನೆಯಲ್ಲಿ ಸದಾ ಎಲೆಯಡಿಕೆಯ ಕವಳ. ಕವಳ ತುಂಬಿದ ಬಾಯಿಯಲ್ಲಿ ಗದ್ದ ಮೇಲೆತ್ತಿ ಮಾತಾಡುವವನ ಮಾತು ನಮ್ಮ ಕಡೆಯವರಿಗೆ ಅಭ್ಯಾಸವಿದ್ದರೂ ಮೈಕಿಗೆ ಅಭ್ಯಾಸವಿರಲಿಲ್ಲ. ಗುರಿಯಿಟ್ಟು ದೂರದಿಂದ ಹೊಡೆಯುವ ಕೆಲಸ ಇಡಗುಂದಿಯ ಮಂಗಲಾಳದು. ಅವಳಪ್ಪ ಕಟ್ಟಿಗೆ ಡಿಪೋದಲ್ಲಿದ್ದರು, ಅವಳು ಶಿರಸಿಯಲ್ಲಿ ಟೈಪಿಂಗ್ ಮಾಡಿಕೊಂಡಿದ್ದಳು. ಉಳಿದಿಬ್ಬರು ಸಿದ್ದಾಪುರದ ಅವಳಿಗಳು, ಅರ್ಚಕರ ಮನೆಯವರು. ಒಬ್ಬ ಸತ್ತರೆ ಚನ್ನಬಸಣ್ಣ ಇನ್ನೊಬ್ಬನಿಗೆ ಬೈಯುತ್ತಿದ್ದರು. ಬೈಸಿಕೊಂಡವನು ತಿದ್ದಲು ಹೋಗುತ್ತಿರಲಿಲ್ಲ, ನಾಳೆ ತನ್ನ ಪಾಲಿನದು ಇನ್ನೊಬ್ಬನಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹೊಸಬರಿಗೆ ಒಂದು ಮಾತು ಹೇಳಬೇಕು. ಈ ಕೆಲಸದಲ್ಲಿ ಕೈಯಷ್ಟೇ ಬಾಯಿಯೂ ಮುಖ್ಯ. ಎದುರಾಳಿ ಎಲ್ಲಿದ್ದಾನೆ ಎಂಬುದನ್ನು ಕಂಡವರು ಕೂಡಲೇ ಕೂಗಿ ಹೇಳಬೇಕು, ಅದಕ್ಕೆ ಎಲ್ಲ ಪಂದ್ಯಗಳಲ್ಲೂ ಪರದೆಯ ಮೇಲೆ ಬರುವ ಆ ಒಂದೇ ಊರಿನ ಪ್ರತಿ ಮೂಲೆಗೂ ಒಂದು ಹೆಸರು ಬೇಕು. ಹುಬ್ಬಳ್ಳಿ, ಬೆಂಗಳೂರಿನವರು ಇಂಗ್ಲಿಷ್ ಹೆಸರು ಬಳಸುತ್ತಿದ್ದರು. ನಾವೂ ಅದನ್ನೇ ಬಾಯಿಪಾಠ ಮಾಡಲು ನೋಡಿದೆವು. ಭಾಸ್ಕರ ಭಾವ ಇಂಗ್ಲಿಷ್ ಹೆಸರು ನೆನಪು ಮಾಡಿಕೊಳ್ಳುವುದರೊಳಗೆ ಅಲ್ಲಿದ್ದ ಎದುರಾಳಿ ನಮ್ಮ ಬೆನ್ನಿಗೆ ಬಂದಿರುತ್ತಿದ್ದ.

ಕೊನೆಗೆ ಅವನು ತನ್ನ ಮನೆಯ ಹೆಸರುಗಳನ್ನೇ ಇಟ್ಟುಬಿಟ್ಟ. ಮುಂದಿನ ಬಯಲು ಜಗಲಿ, ಎತ್ತರದ ಕಿಟಕಿ ಅಟ್ಟ, ನೀರು ಹರಿಯುವ ಕತ್ತಲೆ ದಾರಿ ಬಚ್ಚಲು. ಬಾಂಬು ಇಡುವ ಎರಡು ಜಾಗಗಳಲ್ಲಿ ಅಗಲವಾದದ್ದು ಕೊಟ್ಟಿಗೆ. ಇನ್ನೊಂದು ಚಿಕ್ಕದು, ಒಂದೇ ಬಾಗಿಲು, ಒಳಗೆ ಎದುರುಗೋಡೆಗೆ ಮಂಟಪದ ಹಾಗೊಂದು ಕಟ್ಟೆ. ಅದನ್ನು ಅವನು ದೇವರ ಕೋಣೆ ಎಂದ. ಬೇರೆ ಯಾವ ಹೆಸರೂ ಅದಕ್ಕೆ ಒಪ್ಪುತ್ತಿರಲಿಲ್ಲ.

ನಮ್ಮ ಆಟ ಒಮ್ಮೆಲೇ ಚುರುಕಾಯಿತು. "ಬಚ್ಚಲಲ್ಲಿ ಇಬ್ರು ಇದ್ದ, ಅಟ್ಟದ ಮೇಲೆ ಒಬ್ಬ. ಶ್ರೀಪಾದ, ನೀ ಜಗಲಿ ಬಿಟ್ಟು ಬರಡ, ಅಲ್ಲೇ ಇರು" ಎಂದು ಭಾವ ಹೇಳಿದರೆ ನನಗೆ ಯೋಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಮಂಗಲಾಳಿಗೆ ಮಾತ್ರ ಕಷ್ಟವಾಯಿತು. ಅವಳ ಮನೆಗೆ ಅಟ್ಟವೂ ಇಲ್ಲ, ಜಗಲಿಯೂ ಇಲ್ಲ. "ನಿಮ್ಮನೆ ಬಚ್ಚಲು ಯಾವ ಬದಿಗೆ ಅಂತ ನಂಗೆ ಹ್ಯಾಂಗೆ ಗೊತ್ತಾಗ್ಬೇಕು?" ಎಂದು ಅವಳು ಕೇಳಿದ್ದು ನ್ಯಾಯವಾಗಿತ್ತು. ಹಾಗಾಗಿ ಒಂದು ಭಾನುವಾರ ಭಾವ ಎಲ್ಲರನ್ನೂ ಕಾನಸೂರಿಗೆ ಕರೆದುಕೊಂಡು ಹೋದ.

ಅವನ ತಾಯಿ, ಎಲ್ಲರ ಬಾಯಲ್ಲೂ ಆಯಿ, ಬಾಳೆಕಾಯಿ ಹೆಚ್ಚುತ್ತ ಕೂತಿದ್ದರು. ನಾವು ಐವರೂ ಅವರ ಎದುರಿನಲ್ಲೇ ಬಗ್ಗಿಕೊಂಡು, ಗೋಡೆಗೆ ಆತುಕೊಂಡು, ಮೂಲೆ ಮೂಲೆಯಲ್ಲಿ ಇಣುಕುತ್ತ ಮನೆಯೆಲ್ಲ ಸುತ್ತಿದೆವು.

"ಎಂತ ಕಳ್ಕಂಡಿದ್ರೋ?" ಎಂದರು ಆಯಿ.

"ಎಂತದೂ ಇಲ್ಲೆ ಆಯಿ. ಆಫೀಸಿನ ಕೆಲಸ" ಎಂದ ಭಾವ.

ಮಂಗಲಾ ಅಟ್ಟದ ಮೆಟ್ಟಿಲ ಮೇಲೆ ಕೂತು, ತೆಂಗಿನ ಗರಿಯ ಕಸಬರಿಗೆಯನ್ನು ಕಣ್ಣಿಗೆ ಹಿಡಿದು, ಬಚ್ಚಲ ಬಾಗಿಲಿಗೆ ಗುರಿಯಿಟ್ಟಳು. "ಇಲ್ಲಿಂದ ತಲೆ ಸರಿಯಾಗಿ ಸಿಗ್ತದೆ" ಎಂದಳು. ಆ ಬಾಗಿಲು ತೆಗೆದು ಮಿಂದು ಹೊರಬಂದವರು ಭಾಸ್ಕರನ ಅಪ್ಪಯ್ಯ. ಪಂಚೆ ಬಿಗಿಹಿಡಿದು ಒಂದು ಕ್ಷಣ ಅವಳನ್ನು ನೋಡಿದರು, ಮತ್ತೆ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ನಾವು ಊಟ ಮುಗಿಸಿ ಹೊರಡುವ ತನಕ ಅವರು ಈಚೆಗೆ ಬರಲಿಲ್ಲ.

ಕೊನೆಗೆ ದೇವರ ಕೋಣೆಯ ಬಾಗಿಲಿಗೆ ಬಂದೆವು. ಆಯಿ ಕೂತಲ್ಲಿಂದಲೇ ಹೇಳಿದರು, "ಅದೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೋಗಿ. ಅಲ್ಲಿ ಹೋಗಡಿ. ಇನ್ನೂ ನೈವೇದ್ಯ ಆಗವು." ನಾವು ಹೊಸಿಲ ಹೊರಗೆ ನಿಂತು ಇಣುಕಿ, ಕೈಮುಗಿದು ವಾಪಸು ಬಂದೆವು. ಹೀಗೆ ಆ ಮನೆಯ ಒಂದೊಂದು ಮೂಲೆಯೂ ನಮ್ಮ ಕಾಲಿಗೆ ಪರಿಚಯವಾಯಿತು, ಆ ಒಂದು ಕೋಣೆಯ ಹೊರತು.

ಈ ಹೆಸರುಗಳಿಂದ ಒಮ್ಮೆ ಪೊಲೀಸರೂ ಬಂದರು. ಕೆಳಗೆ ಪ್ರಿಂಟರ್ ಕೊಳ್ಳಲು ಬಂದಿದ್ದವರಿಗೆ ಮಾಳಿಗೆಯಿಂದ, "ಬಾಂಬು ಕೊಟ್ಟಿಗೆಲಿ ಇಟ್ಟ, ಇನ್ನೇನು ಸಿಡೀತು" ಎಂಬ ಕೂಗು ಕೇಳಿಸಿತು. ಅವರು ಪ್ರಿಂಟರ್ ಬಿಟ್ಟು ನೇರ ಠಾಣೆಗೆ ಹೋದರು. ಬಂದ ಪೇದೆಗೆ ಚನ್ನಬಸಣ್ಣ ಕುರ್ಚಿ ಕೊಟ್ಟು, ಚಹಾ ತರಿಸಿ, ನಮ್ಮ ಹಿಂದೆ ಕೂರಿಸಿದರು. ಪೇದೆ ತುಂಬ ಹೊತ್ತು ಗಂಭೀರವಾಗಿ ನೋಡಿದರು. ಏಳುವಾಗ ನನ್ನ ಭುಜ ಮುಟ್ಟಿ, "ಹಿಂದಿನ ಬಾಗ್ಲು ಯಾರೂ ಕಾಯ್ತಾ ಇಲ್ಲ, ಅಷ್ಟು ನೋಡ್ಕಳಿ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಂದಿನಿಂದ ಮಾಳಿಗೆಯಲ್ಲಿ ಬಾಂಬು ಎಂಬ ಶಬ್ದಕ್ಕೆ ನಿಷೇಧ. ಬಾಂಬಿಗೆ ಹಲಸಿನಹಣ್ಣು, ಕೈಯಿಂದ ಎಸೆಯುವ ಸಣ್ಣದಕ್ಕೆ ಲಿಂಬೆಕಾಯಿ ಎಂದು ಹೆಸರಾಯಿತು. ಕೆಳಗಿನ ಗಿರಾಕಿಗಳು ಮೇಲೆ ತರಕಾರಿ ಹರಾಜು ನಡೆಯುತ್ತಿದೆ ಎಂದುಕೊಂಡರೆ ನಮಗೇನೂ ಅಭ್ಯಂತರವಿರಲಿಲ್ಲ.

ಕಸುಬಿನ ಸಲಕರಣೆಯ ಬಗ್ಗೆ ಎರಡು ಮಾತು. ನಾವು ಶುರುಮಾಡಿದಾಗ ಮೌಸಿನ ಹೊಟ್ಟೆಯಲ್ಲಿ ಒಂದು ಉಂಡೆ ಇರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ತೆಗೆದು, ಒಳಗಿನ ಉರುಳೆಗಳಿಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆಯುವುದೇ ಮೊದಲ ಕೆಲಸ. ಮಿರ್ಚಿ ಮಂಡಕ್ಕಿ ತಿಂದ ಕೈಯಲ್ಲಿ ಆಡಿದರೆ ಮರುದಿನ ಗುರಿ ಎಡಕ್ಕೆ ಎಳೆಯುತ್ತಿತ್ತು. ಆಮೇಲೆ ಬೆಳಕಿನ ಮೌಸು ಬಂತು, ಕೆರೆಯುವ ಕೆಲಸ ತಪ್ಪಿತು. ಭಾಸ್ಕರ ಭಾವ ಮಾತ್ರ ಹೊಸ ಮೌಸನ್ನೂ ದಿನಾ ಮಗುಚಿ ಒಮ್ಮೆ ನೋಡಿಯೇ ಕೂರುತ್ತಿದ್ದ. ನೀವು ಯಾವ ಸಲಕರಣೆ ಹಿಡಿದರೂ ಮಣಿಕಟ್ಟು ಜೋಪಾನ ಮಾಡಿ. ನನ್ನದು ಈಗ ಮಳೆ ಬರುವುದನ್ನು ರೇಡಿಯೋಗಿಂತ ಮುಂಚೆ ಹೇಳುತ್ತದೆ.

ನಮ್ಮ ರೋಗ ಮೊದಲು ಹೊರಬಿದ್ದದ್ದು ಸಿದ್ದಾಪುರದಲ್ಲಿ. ಅಲ್ಲಿಯ ಕಾಲೇಜು ಹುಡುಗರೊಡನೆ ಸುಮ್ಮನೆ ಒಂದು ಪಂದ್ಯ ಇಟ್ಟುಕೊಂಡಿದ್ದೆವು. ಅವರು ಹಲಸಿನಹಣ್ಣನ್ನು ಕೊಟ್ಟಿಗೆಯಲ್ಲಿ ಇಟ್ಟಾಗೆಲ್ಲ ನಾವು ಗೆದ್ದೆವು, ದೇವರ ಕೋಣೆಯಲ್ಲಿ ಇಟ್ಟಾಗೆಲ್ಲ ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಮಂಗಲಾ ಕಿಟಕಿಯ ಕಡೆ ಮುಖಮಾಡಿ ಕೂತಿದ್ದಳು.

"ಎಂತ ಆತು ತಂಗಿ?" ಎಂದು ಭಾವ ಕೇಳಿದ.

"ನೀವು ನಾಲ್ಕೂ ಜನ ಆ ಕೋಣೆ ಹೊಸಿಲಲ್ಲಿ ನಿಂತ್ಕೊಳ್ತೀರಿ" ಎಂದಳು. "ಒಂದು ಲಿಂಬೆಕಾಯಿನೂ ಒಳಗೆ ಎಸೆಯೂದಿಲ್ಲ. ನಾನೊಬ್ಬಳೇ ಒಳಗೆ ಹೋಗಿ ಸಾಯೂದು."

"ಹಾಂಗೆಲ್ಲ ಎಂತದೂ ಇಲ್ಲೆ" ಎಂದ ಭಾವ. ನಾನೂ ಇಲ್ಲ ಎಂದೆ. ಮರುದಿನ ಆಡುವಾಗ ನನ್ನ ಬೆರಳನ್ನೇ ಗಮನಿಸಿದೆ. ಆ ಬಾಗಿಲು ಬಂದ ಕೂಡಲೇ ಅದು ತಾನಾಗಿಯೇ ನಿಂತಿತು. ಚಪ್ಪಲಿ ಬಿಡಬೇಕಿತ್ತು ಎನ್ನುವಂಥ ಒಂದು ಹಿಂಜರಿಕೆ. ಅವಳಿಗಳಂತೂ ಅಲ್ಲಿ ಬಂದೂಕನ್ನೇ ಕೆಳಗಿಳಿಸುತ್ತಿದ್ದರು. ಹೆಸರು ಬದಲಿಸಿ ನೋಡಿದೆವು. ಭಾವ ಅದಕ್ಕೆ ಉಗ್ರಾಣ ಎಂದು ಮರುನಾಮಕರಣ ಮಾಡಿದ. ನಿಧಾನವಾಗಿ ಆಡುವಾಗ ಉಗ್ರಾಣವೆಂದೇ ಬರುತ್ತಿತ್ತು, ಗುಂಡು ಹಾರಲು ಶುರುವಾದರೆ ಎಲ್ಲರ ಬಾಯಲ್ಲೂ ದೇವರ ಕೋಣೆಯೇ. ಆಟದಲ್ಲಿ ಅದು ಬರೀ ಬಣ್ಣದ ಚುಕ್ಕೆ ಎಂದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕಾಲು ಏಳುತ್ತಿರಲಿಲ್ಲ.

ಇದೇ ಹೊತ್ತಿಗೆ ಚನ್ನಬಸಣ್ಣ ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡರು. ಆವತ್ತು ಯಾರು ಎಷ್ಟು ಸಲ ಸತ್ತರೆಂದು ಕೇಳಲಿಲ್ಲ. "ನೋಡ್ರಿ, ಮನ್ಯಾಗ ಅಣ್ಣತಮ್ಮರು ಮಾತಾಡಾಕತ್ತಾರ. ಮಾಳಿಗಿ ಸುಮ್ನ ಹಾಳಾಗಾಕತ್ತೈತಿ, ಪಂಪ್‌ಸೆಟ್ ಇಡೂಣು ಅಂತಾರ. ಹುಬ್ಬಳ್ಳಿ ಪಂದ್ಯಾವಳ್ಯಾಗ ಗೆದ್ದು ಮುಂದಿನ ಪಂದ್ಯಕ್ಕ ಬೆಂಗಳೂರಿಗೆ ಹೋದ್ರ ನಾ ಅವ್ರ ಬಾಯಿ ಮುಚ್ಚಸ್ತೇನಿ. ಸೋತ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ಗದರಿಸಿ ಹೇಳಿದ್ದರೆ ಚೆನ್ನಾಗಿತ್ತು. ಅವರು ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತ ಹೇಳಿದರು. ಆ ಕುರ್ಚಿ ಹೋದರೆ ನಾನು ಮತ್ತೆ ಯಾವುದಕ್ಕೂ ಬಾರದವನಾಗುತ್ತಿದ್ದೆ.

ಹುಬ್ಬಳ್ಳಿಯ ಪಂದ್ಯಾವಳಿ ಒಂದು ಮದುವೆ ಛತ್ರದಲ್ಲಿ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಹತ್ತು ಕಂಪ್ಯೂಟರು. ಅಂಗಡಿಯ ಹೆಸರು ಬರೆದ ಹಳದಿ ಅಂಗಿ ತೊಟ್ಟು ನಾವು ಹತ್ತಿದೆವು. ಚನ್ನಬಸಣ್ಣ ಮೊದಲ ಸಾಲಿನಲ್ಲಿ ಕೂತಿದ್ದರು. ಪ್ರತಿ ಪಂದ್ಯಕ್ಕೂ ಅವರು ಅಲ್ಲೇ ಕೂರುವುದು, ನಾವು ಹೊಡೆದಾಗ ಪಕ್ಕದವರ ತೊಡೆ ಬಡಿಯುವುದು. ಪಕ್ಕದ ಕುರ್ಚಿ ಹೆಚ್ಚು ಹೊತ್ತು ಭರ್ತಿಯಿರುತ್ತಿರಲಿಲ್ಲ. ಹೇಗೋ ಫೈನಲ್ ತಲುಪಿದೆವು. ಎದುರಿಗೆ ಹುಬ್ಬಳ್ಳಿಯದೇ ತಂಡ, ಜನವೆಲ್ಲ ಅವರ ಕಡೆ.

ಮೊದಲರ್ಧದಲ್ಲಿ ಅವರು ಹಲಸಿನಹಣ್ಣು ಇಡುವವರು, ನಾವು ತಡೆಯುವವರು. ನಮ್ಮ ರೋಗ ಪತ್ತೆ ಮಾಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಪ್ರತಿಸಲವೂ ದೇವರ ಕೋಣೆಗೇ ನುಗ್ಗಿದರು. ನಾವು ಹೊಸಿಲಲ್ಲಿ ಸಾಲಾಗಿ ನಿಂತು ಸತ್ತೆವು. ಮಂಗಲಾ ಒಳಗೆ ಹೋಗಿ ಸತ್ತಳು. ಅರ್ಧ ಮುಗಿದಾಗ, ಇನ್ನು ನಾಲ್ಕು ಸುತ್ತು ಗೆದ್ದರೆ ಅವರದೇ ಕಪ್ಪು ಎನ್ನುವ ಪರಿಸ್ಥಿತಿ.

ವಿರಾಮದಲ್ಲಿ ಚನ್ನಬಸಣ್ಣ ವೇದಿಕೆಯ ಹಿಂದೆ ಬಂದರು. "ಏನಾಗಾಕತ್ತೈತ್ರಿ ಭಟ್ರ?" ಎಂದು ಭಾಸ್ಕರನನ್ನು ಕೇಳಿದರು. ಭಾವ ಕವಳ ಉಗಿದು ಬಂದು, ಅದೇ ಮೊದಲ ಸಲ ಖಾಲಿ ಬಾಯಲ್ಲಿ, ಕಾನಸೂರಿನ ಮನೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಹಂಗಂದ್ರ ಕೋಣ್ಯಾಗ ದೇವ್ರು ಇರೂದಕ್ಕ ತ್ರಾಸು" ಎಂದರು.

"ಹೌದು."

ಚನ್ನಬಸಣ್ಣ ಅಂಗಿಯ ಮೇಲೆ ಎದೆಯ ಹತ್ತಿರ ಕೈಯಿಟ್ಟರು. ಅವರ ಕೊರಳಲ್ಲಿ ಲಿಂಗವಿತ್ತು. "ನಮ್ಮ ಮಂದಿ ದೇವ್ರನ್ನ ಕೋಣ್ಯಾಗ ಬಿಟ್ಟು ಬರೂದಿಲ್ಲ, ಹೋದಲ್ಲೆಲ್ಲ ಕರ್ಕೊಂಡ ಅಡ್ಡಾಡ್ತೇವಿ. ಈಗ ಹಂಗ ಮಾಡೂಣು. ಅವನ್ನ ಕರ್ಕೊಂಡು ನಾ ಹೊರಗ ಹೋಗಿ ನಿಲ್ತೇನಿ. ಆಟ ಮುಗಿಯೂತನ ಒಳಗ ಬರೂದಿಲ್ಲ. ಕೋಣಿ ಖಾಲಿ ಐತಿ ಅಂತ ತಿಳ್ಕೊಂಡು ಹೊಡೀರಿ."

ಭಾವನಿಗೆ ಒಂದು ಸಂಶಯ ಉಳಿದಿತ್ತು. "ಅಲ್ಲ, ನಿಮ್ಮ ದೇವರು ಬೇರೆ, ನಮ್ಮನೆ ದೇವರು ಬೇರೆ ಅಲ್ವ?"

"ಭಟ್ರ, ಅದು ಹುಬ್ಬಳ್ಳಿ ಕಂಪ್ಯೂಟರಿನ್ಯಾಗಿನ ಕೋಣಿ. ಅಲ್ಲಿ ಯಾವ ದೇವ್ರು ಅದಾನೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾವ ಇದ್ರೂ ನನ್ನ ಕೂಡ ಬರ್ತಾನ."

ಇಷ್ಟು ಹೇಳಿ ಅವರು ಮೊದಲ ಸಾಲಿನ ತಮ್ಮ ಕುರ್ಚಿಯನ್ನು ದಾಟಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ಅವರಿಲ್ಲದ ಪಂದ್ಯವನ್ನು ನಾವು ಅದುವರೆಗೆ ಆಡಿರಲಿಲ್ಲ. ಅವರ ಹಿಂದೆ ಛತ್ರದ ಬಾಗಿಲು ಮುಚ್ಚಿತು.

ಎರಡನೆಯ ಅರ್ಧದಲ್ಲಿ ಹಣ್ಣು ಇಡುವ ಸರದಿ ನಮ್ಮದು. ಭಾವ ಅವಳಿಗಳ ಕಡೆ ತಿರುಗಿ, "ದೇವರನ್ನ ಕರ್ಕಂಡು ಚನ್ನಬಸಣ್ಣ ಹೊರಗೆ ಹೋದ. ನೋಡಿದ್ರಲಾ?" ಎಂದು ಕೇಳಿದ. ಅವಳಿಗಳು ತಲೆಯಾಡಿಸಿದರು. "ಹಾಂಗಾದ್ರೆ ದೇವರ ಕೋಣೆಗೆ ನಡಿರಿ. ಎಲ್ಲರೂವ."

ಹೊಸಿಲು ಬಂತು. ದೊಡ್ಡ ಅವಳಿ ಮೊದಲ ಲಿಂಬೆಕಾಯಿ ಎಸೆದ. ಅದರ ಹಿಂದೆಯೇ ನಾನು ಒಳಗೆ ಕಾಲಿಟ್ಟೆ. ಕೋಣೆ ನಿಜಕ್ಕೂ ಖಾಲಿಯಿತ್ತು. ನಾವು ಅಲ್ಲಿಗೆ ಬರುವವರೇ ಅಲ್ಲ ಎಂದು ಹುಬ್ಬಳ್ಳಿಯ ಐವರೂ ಕೊಟ್ಟಿಗೆಯಲ್ಲಿ ಕಾದು ಕೂತಿದ್ದರು. ಹಣ್ಣನ್ನು ಮಂಟಪದ ಮುಂದೆ ಇಟ್ಟೆ, ಅಲ್ಲಿ ಹಣ್ಣಿಡುವುದು ಕೈಗೆ ಸಹಜವಾಗಿಯೇ ಬಂತು. ಓಡಿ ಬಂದವರನ್ನು ಮಂಗಲಾ ಅಟ್ಟದಿಂದ ಒಬ್ಬೊಬ್ಬರನ್ನಾಗಿ ಕೆಡವಿದಳು.

ಆಮೇಲೆ ಅವರು ಎರಡೂ ಕಡೆ ಹಂಚಿಕೊಂಡು ಕಾದರು, ಸುಲಭವಾಗಲಿಲ್ಲ. ಮೂರು ಸುತ್ತು ಅವರಿಗೂ ಹೋದವು. ಉಳಿದವನ್ನೆಲ್ಲ ನಾವು ಗೆದ್ದು, ಕೊನೆಯ ಸುತ್ತಿಗೆ ಸಮ ಮಾಡಿದೆವು. ಆ ಸುತ್ತಿನಲ್ಲಿ ನಾಲ್ವರೂ ಸತ್ತು ನಾನೊಬ್ಬನೇ ಉಳಿದೆ, ಅವರಲ್ಲಿ ಒಬ್ಬ. "ತಮಾ, ಗಡಿಬಿಡಿ ಮಾಡಡ. ಅವ ಬಚ್ಚಲಿಂದ ಬತ್ತ, ನೀ ಕೋಣೆ ಒಳಗೇ ಕೂತ್ಗ" ಎಂದು ಭಾವ ಕಿವಿಯಲ್ಲಿ ಹೇಳುತ್ತಿದ್ದ. ಹಣ್ಣು ಇಟ್ಟಾಗಿತ್ತು, ನಾನು ಮಂಟಪದ ಮಗ್ಗುಲಲ್ಲಿ ಕೂತೆ. ಅವನು ಬಚ್ಚಲಿನಿಂದಲೇ ಬಂದ. ಕಾನಸೂರಿನ ಆ ಬಾಗಿಲನ್ನು ನಾನು ಚೆನ್ನಾಗಿ ಬಲ್ಲೆ.

ಜನ ಕೂಗುತ್ತಿದ್ದಾಗ ನಾವು ಐವರೂ ಹೊರಗೆ ಓಡಿದೆವು. ಚನ್ನಬಸಣ್ಣ ಛತ್ರದ ಗೇಟಿನ ಬಳಿ ಬಿಸಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು ಪಕ್ಕಕ್ಕಿಟ್ಟಿದ್ದರು. ಒಂದು ಕೈ ಎದೆಯ ಮೇಲೆಯೇ ಇತ್ತು. ಅಂಗಿ ಬೆವರಿನಿಂದ ಪೂರಾ ಒದ್ದೆ. ನಮ್ಮ ಮುಖ ನೋಡಿದ ಕೂಡಲೇ ಅವರ ಕಣ್ಣು ತುಂಬಿಕೊಂಡವು.

"ಗೆದ್ವಿ, ಚನ್ನಬಸಣ್ಣ" ಎಂದ ಭಾವ. "ಇನ್ನು ದೇವರನ್ನ ಕರ್ಕೊಂಡು ಒಳಗೆ ಬನ್ನಿ."

ಅವರು ಕೈ ತೆಗೆಯಲಿಲ್ಲ.

"ಈಗ್ಯಾಕ ಅವಸರ ಮಾಡ್ತೀರಿ ಭಟ್ರ? ಬೆಂಗಳೂರಿನ್ಯಾಗೂ ಅದೇ ಕೋಣಿ ಐತಿ ಅಲ್ಲೇನು? ಅಲ್ಲೀತನ ನನ್ನ ಕೂಡನ ಇರ್ಲಿ ಬಿಡ್ರಿ."